ತೂಕದ ಚೀಟಿ

ಆರು ವಾರಕ್ಕೆಂದು ಒಂದು ಮೇಜು ಕೊಟ್ಟರು.
ಕಾಲೊಂದು ಗಿಡ್ಡ. ಅಡಿಗೆ ಹಳೆಯ ಕಾಸ್‌ಲಿಸ್ಟು ಮಡಿಸಿಟ್ಟಿದ್ದರು
ನನಗಿಂತ ಮುಂಚೆ ಇಲ್ಲಿ ಕೂತು ಹೋದವರು ಯಾರೋ.
ಎದುರಿಗೆ ನಾಪೋಕ್ಲಿನ ಸಫ್ವಾನ್.
ಕಲಿಯುವವರು ಇಬ್ಬರು, ಪದವಿ ಮುಗಿದ ಮೇಲೆ ಹುದ್ದೆ ಒಂದೇ.
ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.
ಮಧ್ಯಾಹ್ನ ಬುತ್ತಿ ಬಿಚ್ಚಿದಾಗ
ಅವನ ಪತ್ತಿರಿ ನನ್ನ ತಟ್ಟೆಗೆ ಬೀಳುವ ಮುನ್ನ
ಅರೆಗಳಿಗೆ ನಿಲ್ಲುತ್ತಿತ್ತಲ್ಲ ಕೈ,
ಅಲ್ಲಿತ್ತು ಅದು.

ವಕೀಲರೆಂದರೆ ಮಡಿಕೇರಿಗೆ ಕೊಲೆ, ಗಡಿ, ಜಮ್ಮಾ ಜಾಗದ ಜಗಳ.
ನಮ್ಮದು ಬೇರೆ:
ಕಾಫಿ ಕೊಂಡವರು, ಕೊಟ್ಟವರು, ಮುನಿದ ಪಾಲುದಾರರು,
ಹೋಂಸ್ಟೇಗೆ ಸಾಲ ಕೊಟ್ಟು ನಿದ್ದೆಗೆಟ್ಟ ಬ್ಯಾಂಕು.
ಈ ಕಚೇರಿಯಲ್ಲಿ ಯಾರೂ ಅಳುವುದಿಲ್ಲ.
ಒಬ್ಬರು ಅತ್ತಿದ್ದರಂತೆ, ಜಿಎಸ್‌ಟಿ ನೋಟಿಸಿಗೆ.

ದೇಚಮ್ಮ ಮೇಡಂ ಮೊದಲ ದಿನವೇ ಅಂದರು:
‘ಮತ್ತು ಎಲ್ಲಿದೆ, ಅಥವಾ ಎಲ್ಲಿದೆ, ನೋಡು.
ಮಿಕ್ಕದ್ದನ್ನು ಆಮೇಲೆ ಓದು.’

ಮೂರನೇ ವಾರ ಬಂತು ಆ ಕಡತ.
ಮುನ್ನೂರ ಹತ್ತು ಚೀಲ ಪಾರ್ಚ್‌ಮೆಂಟ್,
ಒಪ್ಪಂದದಲ್ಲಿ ತೇವಾಂಶ ಹತ್ತು, ಚೀಲದೊಳಗೆ ಹದಿಮೂರು.
ನೀರಿಗೂ ಕಾಫಿಯ ದರ ತೆತ್ತೆವೆಂದು ನಮ್ಮ ಕಕ್ಷಿದಾರರ ಸಂಕಟ.
ನನ್ನ ಕೆಲಸ ದಾಖಲೆಗೆ ನಂಬರು ಹಾಕುವುದು.
ಇಪ್ಪತ್ತಾರು ಹಾಕಿದೆ.
ಇಪ್ಪತ್ತೇಳು ತೂಕದ ಚೀಟಿ, ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನದು.
ತೂಗಿದವರ ಸಹಿ: ಹುಕ್ರಪ್ಪ.
ಹಿಂದಕ್ಕೆ ವಾಲಿದ ಹು, ಕೊಂಬು ಮುರಿದ ಹಾಗೆ ಕ್ರ.

ಈ ಸಹಿಯನ್ನು ನಾನು ಹಾಸ್ಟೆಲ್ಲಿನ ಅರ್ಜಿಯಲ್ಲಿ ಕಂಡಿದ್ದೇನೆ,
ಶಿಕ್ಷಣ ಸಾಲದ ಹದಿನೆಂಟು ಪುಟಗಳ ಅಡಿಯಲ್ಲಿ ಹದಿನೆಂಟು ಸಲ.
ಗಣಿತಕ್ಕೆ ಹನ್ನೊಂದು ಬಂದ ವರ್ಷ
ನಾನೇ ಹಾಕಿಯೂ ಇದ್ದೇನೆ.
ಸಾಕ್ಷಿ ಬೇಕಿದ್ದರೆ ನನಗಿಂತ ಒಳ್ಳೆಯವರಿಲ್ಲ.

ಕರಡಿನಲ್ಲಿತ್ತು: ‘ತೂಗಿದವನು ಅಜಾಗರೂಕ ಮತ್ತು ಅಪ್ರಾಮಾಣಿಕ.’
ಮತ್ತು ಎಂಬಲ್ಲಿ ಪೆನ್ನು ನಿಂತಿತು.
ಒಂದು ಪದ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎದ್ದು ಹೋಗಿ ಹೇಳಿದೆ.
ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು,
ಕೊಳೆಯೇನೂ ಇರಲಿಲ್ಲ.
‘ಅವರ ಹತ್ತಿರ ಮಾತಾಡಿದೆಯಾ?’
‘ಇಲ್ಲ.’
‘ಆಡಬೇಡ. ಕಡತ ಸಫ್ವಾನನಿಗೆ ಕೊಡು.
ಈ ಬಾಗಿಲಿಂದ ಹೊರಗೆ ನೀನು ಏನನ್ನೂ ನೋಡಿಲ್ಲ.’
ಒಳ್ಳೆಯ ಮಾತೂ ಇಲ್ಲ, ಕೆಟ್ಟ ಮಾತೂ ಇಲ್ಲ.
ಅವನು ಕಡತ ತೆಗೆದುಕೊಂಡ,
ಅಂದು ಪತ್ತಿರಿ ಎರಡು ಕೊಟ್ಟ.

ಸಂಜೆಯ ಬಸ್ಸು ಸುಂಟಿಕೊಪ್ಪ ದಾಟುವವರೆಗೂ
ಅಂಗಳ ಅಂಗಳದಲ್ಲಿ ಕಾಫಿ ಹರವಿತ್ತು,
ಯಾರೋ ಹಲುಬೆಯಿಂದ ಎಳೆಯುತ್ತಿದ್ದರು
ಒಣಗಿತೋ ಇಲ್ಲವೋ ಎಂದು ಹಲ್ಲಲ್ಲಿ ಕಚ್ಚಿ ನೋಡುತ್ತ.
ಮನೆಯಲ್ಲಿ ಅಪ್ಪ ದಿನವೂ ಕೇಳುವುದು ಅದೇ:
‘ಏನು ಕಲಿತೆ ಇವತ್ತು?’
‘ಪುಟ ಎಣಿಸಿದೆ.’
‘ಸರಿ ಎಣಿಸು. ಒಂದು ಹೆಚ್ಚೂ ಬೇಡ, ಒಂದು ಕಮ್ಮಿಯೂ ಬೇಡ.’
ಅನ್ನ ಗಂಟಲಲ್ಲಿ ನಿಂತು ಆಮೇಲೆ ಇಳಿಯಿತು.

ಆರನೇ ವಾರ ಪ್ರಮಾಣಪತ್ರ ಕೊಟ್ಟು
‘ಹುದ್ದೆಯ ವಿಷಯ ಪತ್ರ ಬರೆಯುತ್ತೇವೆ’ ಎಂದರು ಮೇಡಂ.
ಮೆಟ್ಟಿಲಲ್ಲಿ ಸಫ್ವಾನ್ ಬಾಯಿ ತೆರೆದ,
ನಾನು ತಲೆಯಾಡಿಸಿದೆ, ಮುಚ್ಚಿದ.

ಒಂಬತ್ತು ದಿನ ಕಳೆದು
ಅಪ್ಪ ಬಾಗಿಲಲ್ಲೇ ನಿಂತಿದ್ದರು,
ಒಂದು ಕೈಯಲ್ಲಿ ಕಾಲು ಕಿಲೋ ಜಿಲೇಬಿ,
ಇನ್ನೊಂದರಲ್ಲಿ ರಿಜಿಸ್ಟರ್ಡ್ ಲಕೋಟೆ.
‘ನಿಮ್ಮ ಆಫೀಸಿನ ಮೊಹರು ನೋಡು!
ನನ್ನ ಹೆಸರಿಗೇ ಕಳಿಸಿದ್ದಾರೆ, ಹೇಗೂ ತಂದೆಯಲ್ಲವಾ.
ನೀನೇ ಒಡೆಯಲಿ ಎಂದು ಇಟ್ಟುಕೊಂಡೆ.’

‘ಅಪ್ಪಾ, ಅದನ್ನು ನಾನು ಒಡೆಯುವ ಹಾಗಿಲ್ಲ.’

ನಗುತ್ತಲೇ ಇದ್ದರು.
ಚೀಲದ ಬಾಯಿಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚುವ ಕೈ
ಲಕೋಟೆಯ ಅಂಚು ಹುಡುಕುತ್ತಿತ್ತು.