ಟವೆಲ್ಲಿನ ಕೆಳಗೆ

ಸತ್ಯಮಂಗಲದ ಶೋರೂಮಿನ ಗಾಜಿಗೆ
ಹಳದಿ ಬಣ್ಣದಲ್ಲಿ ಆಳೆತ್ತರ ಬರೆದಿದ್ದರು:
ನಲವತ್ತೆಂಟು ಸಾವಿರ ಕಡಿತ.
ನಮ್ಮ ತಾಳವಾಡಿ ಕಡೆ ದನದ ವ್ಯಾಪಾರದಲ್ಲಿ
ಬೆಲೆಯನ್ನು ಯಾರೂ ಹೀಗೆ ಬಯಲಿಗಿಡುವುದಿಲ್ಲ.
ಟವೆಲ್ಲು ಹೊದಿಸಿ ಕೆಳಗೆ ಬೆರಳು ಹಿಡಿಯುತ್ತಾರೆ,
ಮುಖಗಳು ಬೇರೆಲ್ಲೋ ನೋಡುತ್ತಿರುತ್ತವೆ.

ಹತ್ತೊಂಬತ್ತು ವರ್ಷದಿಂದ ನಾನು ದನದ ಆಸ್ಪತ್ರೆಯವನು.
ಬಾಯಿ ಬಿಡಿಸಿ ವಯಸ್ಸು ಹೇಳುವುದು ನನ್ನ ಕಸುಬು:
ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಬಾಯಿಗೂಡಿದ್ದು.
ಇದಕ್ಕೆ ಬಾಯಿ ಎಲ್ಲಿ?

ಭೂಪತಿ ಎಂಬ ಹುಡುಗ, ಟೈ ಕಟ್ಟಿದ್ದ, ಬೆವರಿದ್ದ,
ನಮಗಾಗಿ ತನ್ನ ತಮಿಳನ್ನು ನಿಧಾನ ಮಾಡಿಕೊಂಡು
ಒಂದೊಂದೇ ಗುಣ ಒಪ್ಪಿಸಿದ.
ಮೂರು ಸಿಲಿಂಡರು ಅಂದಾಗ ನನಗೆ ನಗು.
ಒಂದು ಮೊಲೆ ಕುರುಡಾದ ಹಸು
ನಮ್ಮಲ್ಲೂ ರಿಯಾಯಿತಿಗೇ ಹೋಗುತ್ತದೆ.

ಬಣ್ಣ, ಅತಿ ಹಣ್ಣಾದ ಪರಂಗಿಯದು.
ಯಾರೂ ಒಯ್ಯದೆ ಉಳಿದದ್ದು
ಮೈಗೆ ಮೇಣ ತಿಕ್ಕಿಸಿಕೊಂಡು ಫಳಫಳ ನಿಂತಿತ್ತು,
ಎರಡು ಹೊತ್ತು ಕರೆಯದೆ
ಕೆಚ್ಚಲು ಉಬ್ಬಿಸಿ ಸಂತೆಗೆ ತಂದ ಹಾಗೆ.

"ಚಾಸಿ ನಂಬರು ತೋರಿಸಪ್ಪ."
ಹುಡುಗ ಬಾನೆಟ್ಟು ಎತ್ತಿದ. ಕನ್ನಡಕ ಹಾಕಿಕೊಂಡೆ.
ಅದರಲ್ಲೊಂದು ಅಕ್ಷರ ತಿಂಗಳು, ಒಂದು ಅಕ್ಷರ ವರ್ಷ.
ಸಿಕ್ಕಿತು ಹಲ್ಲು.
ಹೋದ ವರ್ಷದ ಫೆಬ್ರವರಿಯಲ್ಲಿ ಹುಟ್ಟಿದ್ದು,
ಇನ್ನೂ ಸೀಟಿನ ಪ್ಲಾಸ್ಟಿಕ್ಕು ಕಳಚಿಲ್ಲ,
ಆಗಲೇ ಕಾಗದದಲ್ಲಿ ಒಂದು ವರ್ಷ ಮುದಿ.

ಚಿನ್ನತಾಯಿ ಅಷ್ಟರಲ್ಲಿ ಲೆಕ್ಕಕ್ಕೆ ಕೂತಿದ್ದಳು,
ಅಂಗನವಾಡಿ ಮಕ್ಕಳ ತೂಕದ ಚೀಟಿಯ ಹಿಂಬದಿಯಲ್ಲಿ.
ಮ್ಯಾಟು, ಕವರು, ಬಾಗಿಲ ಕಂಬಿ, ಬೇಡವೆಂದರೂ ಹದಿನೇಳು.
ಇನ್ಶೂರೆನ್ಸು ಅವರಲ್ಲೇ ಮಾಡಿಸಬೇಕು, ಅಲ್ಲೊಂದು ಏಳು ಜಾಸ್ತಿ.
"ನಲವತ್ತೆಂಟು ಅಂತ ಕರೆದು
ಇಪ್ಪತ್ತನಾಲ್ಕು ಕೈಗಿಡ್ತಾವ್ನೆ ಕನ.
ನಮ್ಮ ಬಾಲ್ವಾಡಿ ಮಕ್ಳೂ ಇದಕ್ಕಿಂತ ನೇರ್ವಾಗಿ
ಮೊಟ್ಟೆ ಕದಿತವೆ."

ಆದರೂ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕೇ.
ಸ್ಕೂಟರಿನ ಕಾಲಬಳಿ ನೈಟ್ರೋಜನ್ ಕ್ಯಾನು,
ಬೆನ್ನಿಗೆ ಇವಳು, ನಡುವೆ ಒತ್ತಿ ಕೂತ ಮಗಳು,
ಮುಂದಿನ ಜೂನಿಗೆ ಅವಳಿಗೆ ಆ ನಡುವೆ ಹಿಡಿಸುವುದಿಲ್ಲ.

ಓಡಿಸಿ ನೋಡಲು ಬಣ್ಣಾರಿವರೆಗೆ ಬಿಟ್ಟರು.
ಸಪಾಟು ರಸ್ತೆ. ಎಣ್ಣೆಯಲ್ಲಿ ಬೆರಳಾಡಿದ ಹಾಗೆ ಗೇರು.
ಚೆಕ್‌ಪೋಸ್ಟು ಬಂತು, ಅದರಾಚೆ ದಿಂಬಂ ಘಾಟಿ,
ಇಪ್ಪತ್ತೇಳು ತಿರುವು. ಹುಡುಗ ಗಾಬರಿಯಿಂದ
ನನ್ನ ಕೈ ಮೇಲೆ ಕೈಯಿಟ್ಟ:
ಇಲ್ಲಿಗೆ ಸಾಕು ಸಾರ್, ಮೇಲಕ್ಕೆ ಅನುಮತಿ ಇಲ್ಲ.
ನಾನು ಬದುಕುವುದೇ ಮೇಲೆ ಕಣಪ್ಪ, ಅಂದೆ.
ಅವನಿಗೆ ಅರ್ಥವಾಯಿತು. ಆದರೂ ತಿರುಗಿಸಿಸಿದ.

ರಾತ್ರಿಗೆ ಗೇಟು ಬೀಳುವ ಮುಂಚಿನ ಬಸ್ಸು.
ಕಿಟಕಿ ಬದಿ ಇವಳು, ಕಾಲಡಿ ಬ್ರೋಷರು,
ಅದರ ಮೇಲೆ ಯಾರದೋ ಕೋಸಿನ ಮೂಟೆ.
ಹದಿನಾಲ್ಕನೇ ತಿರುವಿನಲ್ಲಿ, ಅದೇ ಕಾರು,
ಬೂದಿ ಬಣ್ಣದ್ದು, ಬಾನೆಟ್ಟು ತೆರೆದು
ಒಬ್ಬಾತ ಬಾಟಲಿಯಿಂದ ನೀರು ಹೊಯ್ಯುತ್ತಿದ್ದ.
ಹಬೆಯೆದ್ದಿತ್ತು. ಹಿಂದಿನ ಸೀಟಿನಲ್ಲಿ ಐದು ಮಂದಿ,
ಒಂದು ಚೀಲ, ಒಂದು ಕೋಳಿ.
ಕತ್ತು ಹೊರಗೆ ಹಾಕಿ ಕೂಗಿದೆ: ಹೇಗಿದೆ ಅಣ್ಣಾ ಗಾಡಿ?
ಆತ ಬಾಟಲಿ ಹಿಡಿದ ಕೈಯನ್ನೇ ಎತ್ತಿದ.
ಪರವಾಗಿಲ್ಲ ಎಂದನೋ, ಬೇಡ ಎಂದನೋ,
ಅಷ್ಟರಲ್ಲಿ ಬಸ್ಸು ತಿರುಗಿತು.

ಐದು ಮಂದಿ ಕೂತಿದ್ದರಲ್ಲ, ಅಂದಳು ಇವಳು.
ಹದಿನಾಲ್ಕರ ತನಕ ಹತ್ತಿತ್ತಲ್ಲ, ಅಂದೆ ನಾನು.

ಇಪ್ಪತ್ತನೆಯದು ದಾಟಿದ ಮೇಲೆ ಚಳಿ ಹೊಕ್ಕಿತು.
ಚಿನ್ನತಾಯಿ ಸೆರಗನ್ನು ನನ್ನ ಕೈ ಮೇಲೆ ಎಳೆದುಕೊಂಡಳು.
ಚಳಿಗೆ ಅಂದುಕೊಂಡೆ.
ಕೆಳಗೆ ಅವಳ ಬೆರಳು ನನ್ನ ಬೆರಳು ಹುಡುಕಿ
ಮೊದಲು ನಾಲ್ಕು ಹಿಡಿಯಿತು,
ಆಮೇಲೆ ಒಂದನ್ನು ಅರ್ಧಕ್ಕೆ ಮಡಚಿ ಅದುಮಿತು.
ಮುಖ ಕಿಟಕಿಯ ಕಡೆಗೇ ಇತ್ತು.

ಎಷ್ಟೆಂದು ಭೂಪತಿಗೆ ನಾಳೆ ಫೋನು ಮಾಡಬೇಕು.
ನಾನಿನ್ನೂ ಎದುರು ಬೆರಳು ಕೊಟ್ಟಿಲ್ಲ.