ಹಗ್ಗದ ಬಾಬ್ತು

ಲೋಕ್ರಿಯ ಸಭಾಮಂಟಪದ ಮೂಡಣ ಕಂಬದಲ್ಲಿ
ಕಂಚಿನ ಗೂಟಕ್ಕೆ ತೂಗುವ ಹಗ್ಗ ನಮ್ಮ ಮನೆಯದು.
ಮಾವನ ಅಪ್ಪ ಹೊಸೆದ, ಮಾವ ಹೊಸೆದ,
ಗಂಡ ಬ್ರೊತಾಕೊಸ್ ಕಡಲಪಾಲಾದ ಮೇಲೆ
ನಾನು, ಒಯ್ನಾಂಥೆ, ಹೊಸೆಯುತ್ತೇನೆ.
ಲೆಕ್ಕದ ಹಲಗೆಯಲ್ಲಿ ಮಾತ್ರ ಇನ್ನೂ ಅವನದೇ ಹೆಸರು.

ನಮ್ಮಲ್ಲಿ ಕಟ್ಟಳೆ ಹೀಗೆ:
ಹೊಸ ಕಾಯಿದೆ ಬೇಕೆನ್ನುವವನು
ಈ ಕುಣಿಕೆಗೆ ಕೊರಳು ಕೊಟ್ಟು ಮಾತಾಡಬೇಕು.
ಸಾವಿರ ಮಂದಿ ಒಪ್ಪಿದರೆ ಬಿಚ್ಚುತ್ತಾರೆ.
ಒಪ್ಪದಿದ್ದರೆ ಎಳೆಯುತ್ತಾರೆ.
ಹಾಗಾಗಿ ನಮ್ಮೂರಲ್ಲಿ ಮಾತು ಕಡಿಮೆ.
ಪಕ್ಕದ ಊರುಗಳಲ್ಲಿ ವರ್ಷಕ್ಕೊಬ್ಬ ದೊರೆ,
ತಿಂಗಳಿಗೊಂದು ದಂಗೆ, ಬೀದಿಗೆ ಬಿದ್ದ ಬಾಗಿಲು;
ನಮ್ಮಲ್ಲಿ ನೋಡಿ, ಎನ್ನುತ್ತಾರೆ ಹಿರಿಯರು
ಆಲಿವ್ ಬೀಜ ಉಗಿಯುತ್ತ,
ಮೊದಲ ಕಲ್ಲಿನ ಒಂದಕ್ಷರ ಅಲ್ಲಾಡಿಲ್ಲ.

ನಾನು ಹೊದಿಕೆ ಬಾಯಿಗೊತ್ತಿ ನಗುತ್ತೇನೆ.
ಮಂಟಪದಲ್ಲಿ ಇಲಿಯುಂಟು, ಉಪ್ಪುಗಾಳಿಯುಂಟು.
ಸುಮ್ಮನೆ ತೂಗುವ ಹಗ್ಗವೇ ಬೇಗ ಲಡ್ಡಾಗುವುದು.
ವರ್ಷಕ್ಕೆರಡು ಸಲ, ಕಾವಲಿನವನು ತೂಕಡಿಸುವ ಮಧ್ಯಾಹ್ನ
ಇಳಿಸಿ ತರುತ್ತೇನೆ; ಸತ್ತ ಎಳೆ ಕಿತ್ತು
ಹಸಿ ಎಳೆ ಸೇರಿಸಿ ಹುರಿ ಕೊಟ್ಟು
ಎಣ್ಣೆಯ ಮಡ್ಡಿ ತಿಕ್ಕಿ ಹಳೆಯ ಬಣ್ಣ ಬರಿಸಿ
ಅದೇ ಗೂಟಕ್ಕೆ ಅದೇ ಗಂಟು.
ಮಾವನ ಅಪ್ಪನ ಒಂದು ನಾರೂ ಈಗ ಅದರಲ್ಲಿಲ್ಲ.
ಇದಕ್ಕೆ ಯಾರೂ ನನ್ನ ಕೊರಳು ಕೇಳಿಲ್ಲ.

ಕಳೆದ ಚಳಿಗಾಲದ ಕೊನೆಗೆ ಲಾಮಿಸ್ಕೊಸ್ ಎದ್ದು ನಿಂತ.
ಉಪ್ಪಿನ ಮಡಿಯವನು, ತೊದಲುವವನು,
ಸಂತೆಯಲ್ಲೂ ಬೆರಳಲ್ಲೇ ಬೆಲೆ ಹೇಳುವವನು.
ಕಡಲು ತಂದೆಸೆಯುವ ಹೆಣಗಳು
ಅವನ ಮಡಿಯ ಬದುವಿಗೇ ಬಂದು ತಾಗುತ್ತವೆ.
ಊರು ತಿಳಿಯದ ಹೆಣಕ್ಕೆ ಊರ ಮಣ್ಣಿಲ್ಲ, ಕಲ್ಲಲ್ಲಿದೆ.
ನಾಯಿಗಳು ಬರುತ್ತವೆ. ಅವನು ಹೆಂಟೆ ಎಸೆಯುತ್ತಾನೆ.
ಎಷ್ಟು ಹೊತ್ತು ಎಸೆದಾನು?

ಹಿಂದಿನ ಸಂಜೆ ನನ್ನ ಅಂಗಳಕ್ಕೆ ಬಂದ.
ಮುಟ್ಟಿ ನೋಡಬಹುದೇ ಅಂದ.
ಮುಟ್ಟಿದ. ಮೆ ಮೆತ್ತಗಿದೆ ಅಂದ.
ಎಣ್ಣೆ, ಅಂದೆ.
ಅವನು ಹೋದ ಮೇಲೆ ದೀಪದೆದುರು ಕೂತೆ.
ಮೂರು ಹುರಿಯಲ್ಲಿ ಎರಡಕ್ಕೆ ಲಡ್ಡಾದ ನಾರು ತುಂಬಿದರೆ
ಹೊರಗಿನ ಯಾವ ಕಣ್ಣಿಗೂ ಕಾಣದು,
ಎಳೆದಾಗ ಹರಿದೀತು.
ಹರಿದದ್ದನ್ನು ದೈವದ ಮಾತು ಎಂದಾರು,
ಒಬ್ಬ ಬದುಕಿಕೊಂಡಾನು.
ಆಮೇಲೆ ಬರುವವರು, ಅವನ ಹೊಲ ಕಿತ್ತು ನನಗೆ ಕೊಡಿ ಎನ್ನುವವರು,
ಅವರಿಗೂ ಹರಿದೀತೇ ಹಗ್ಗ?
ಕೈ ನಾರಿನಲ್ಲಿ, ನಾರು ನೀರಿನಲ್ಲಿ.
ಬೆಳಗಿನ ಜಾವದವರೆಗೆ ಹೊಸೆದೆ.
ಏನು ಹೊಸೆದೆನೆಂದು ಹೇಳುವುದಿಲ್ಲ.

ಹೆಂಗಸರಿಗೆ ಒಳಗೆ ಜಾಗವಿಲ್ಲ.
ಗೋಡೆಯಾಚೆ ಅಂಜೂರದ ಬುಡದಲ್ಲಿ ನಿಂತೆ.
ಕೊರಳಲ್ಲಿ ಹಗ್ಗವಿದ್ದಾಗ ಅವನು ತೊದಲಲಿಲ್ಲ.
ಮಾತು ಎಷ್ಟು? ಒಂದು ಹಿಡಿ.
‘ನಮ್ಮವರೂ ಎಲ್ಲೋ ದಡ ಸೇರಿದ್ದಾರೆ.
ಅಲ್ಲಿನವರು ಏನು ಮಾಡಿದರೋ ತಿಳಿಯದು.
ಇಲ್ಲಿ ನಾವು ಮಾಡುವುದು ನನಗೆ ತಿಳಿದಿದೆ.’
ಆಮೇಲೆ ಕೈ ಎಣಿಸುವ ಸದ್ದು, ಎಂದರೆ ಸದ್ದೇ ಇಲ್ಲ.
ಮತ್ತೆ ಎಣಿಸಿದರು.
ಒಂದು ಗುಬ್ಬಿ ಮಾತ್ರ
ಅಪ್ಪಣೆಯಿಲ್ಲದೆ ಏನೇನೋ ಸೂಚಿಸುತ್ತಿತ್ತು.

ಹನ್ನೊಂದು ಕೈ ಹೆಚ್ಚಾದವು.

ಕಲ್ಲಿನ ಬುಡದಲ್ಲಿ ಜಾಗ ಸಾಲದೆ
ಚಿಕ್ಕ ಅಕ್ಷರದಲ್ಲಿ ಕೆತ್ತಿದ್ದಾರೆ, ಬಗ್ಗಿ ಓದಬೇಕು.
ಒಂದಕ್ಷರ ಅಲ್ಲಾಡಿಲ್ಲ, ಎನ್ನುತ್ತಾರೆ ಹಿರಿಯರು ಈಗಲೂ.
ಸೇರಿದ್ದನ್ನು ಅಲ್ಲಾಡಿದ್ದು ಎನ್ನುತ್ತಾರೆಯೇ?
ಲಾಮಿಸ್ಕೊಸ್ ಮತ್ತೆ ತೊದಲುತ್ತಾನೆ,
ಮಾತಿನ ನಡುವೆ ಕೊರಳು ತುರಿಸಿಕೊಳ್ಳುತ್ತಾನೆ.

ನಿನ್ನೆ ಬದುವಿಗೆ ಒಬ್ಬ ಬಂದು ತಾಗಿದ.
ಬೆರಳಲ್ಲಿ ಉಂಗುರವಿಲ್ಲ,
ಮುಖವನ್ನು ಮೀನುಗಳು ಓದಿ ಮುಗಿಸಿವೆ.
ಗುಂಡಿಗಿಳಿಸಲು ಹಗ್ಗ ಬೇಕೆಂದು
ಮಂಟಪದ ಹುಡುಗ ಬಂದ.
ಎಷ್ಟುದ್ದ? ಅಂದೆ.
ಎರಡಾಳುದ್ದ, ಅಂದ.
ಅದೇ ನಾರು, ಅದೇ ಹುರಿ, ಎಣ್ಣೆ ಮಾತ್ರ ಇಲ್ಲ.
ಬಾಬ್ತು ಯಾರ ಹೆಸರಿಗೆ ಬರೆಯಲಿ? ಹಲಗೆ ಹಿಡಿದು ಕೇಳಿದ.
ಬರೆದುಕೋ, ಅಂದೆ: ಬ್ರೊತಾಕೊಸ್.