ಪುಟ ನಲವತ್ತಮೂರು

ಕಾರವಾರದ ಲೈಬ್ರರಿಯಲ್ಲಿ ಪಿಯೆದಾದ್ ಬಾಯಿ
ಕನ್ನಡಕ ಒರೆಸುತ್ತ ಕೊಟ್ಟಳು:
"ಹೆಂಗಸರಿಗೆ ತೋಳ್ಬಲ ಬರಿಸುವ ಪುಸ್ತಕ.
ಒಯ್ದವರೆಲ್ಲ ಇಪ್ಪತ್ತನೇ ಪುಟಕ್ಕೇ ತಂದುಕೊಟ್ಟರು, ನೋಡು."

ನಿಜ. ಅಲ್ಲಿಯತನಕ ಪೆನ್ಸಿಲಿನ ಗೀಟು,
ಯಾರದೋ ಕೈಬರಹ: ಮಂಡಿ ನೋವು. ನಾಳೆ.
ಆಮೇಲಿನವು ಬೆರಳು ಕಾಣದ ಪುಟಗಳು.

ಮೊದಲ ವಾರ ಎರಡು ಕಿಲೋ ಎತ್ತಿರಿ, ಎನ್ನುತ್ತದೆ.
ನಗು ಬಂತು.
ಬೈತಕೋಲದ ಧಕ್ಕೆಯಲ್ಲಿ ನಸುಕಿಗೇ
ಬಂಗಡೆ, ಮೇಲೆ ಐಸು, ಒಟ್ಟು ಮೂವತ್ತು ಕಿಲೋ
ತಲೆಯ ಮೇಲೆ ಹೊತ್ತು ಇಪ್ಪತ್ತೆರಡು ವರ್ಷ ನಡೆದವಳಿಗೆ
ಎರಡು ಕಿಲೋ ಅಂದರೆ
ಹುಟ್ಟಿದ ಕೂಸಿಗಿಂತ ಕಡಿಮೆ.

ಚಿತ್ರದ ಹುಡುಗಿಯ ಬೆನ್ನು ಮಾತ್ರ ಕೂವೆಮರದ ಹಾಗೆ ನೆಟ್ಟಗೆ.
ಮೊಣಕಾಲು ಬಗ್ಗಿಸಿ, ಸೊಂಟ ಬೇಡ.
ಇದನ್ನು ನಮಗೆ ಯಾರೂ ಹೇಳಲಿಲ್ಲ.
ಹೊರು ಅಂದರು. ಹೊತ್ತೆವು.

ನಲವತ್ತಮೂರನೇ ಪುಟದಲ್ಲಿ, ದಪ್ಪ ಅಕ್ಷರ:
ಎತ್ತಿದ ಮೇಲೆ ತೊಂಬತ್ತು ಸೆಕೆಂಡು ವಿಶ್ರಾಂತಿ.
ಅದೂ ಕಸರತ್ತಿನ ಭಾಗ.

ಎರಡು ಸಲ ಓದಿದೆ. ಬೆರಳಿಟ್ಟು ಮತ್ತೊಮ್ಮೆ.

ಇವತ್ತು ಎಂಟನೇ ಬುಟ್ಟಿ ಇಳಿಸಿ
ಐಸಿನ ಪೆಟ್ಟಿಗೆಯ ಮೇಲೆ ಕೂತೆ. ಎಣಿಸತೊಡಗಿದೆ.
ಮೂವತ್ತಾರಕ್ಕೆ ದಲಾಲಿ ವಿಠೋಬ ಕೂಗಿದ:
"ಏ ಶೇವಂತಿ, ಎಂತಾ ಆಯ್ತೇ? ಜ್ವರವಾ?"
ಉತ್ತರಿಸಿದರೆ ಲೆಕ್ಕ ತಪ್ಪುತ್ತದೆ.
ಬೋಟುಗಳು ಒಂದಕ್ಕೊಂದು ಮೈ ತಿಕ್ಕುತ್ತಿದ್ದವು.
ಐವತ್ತು. ಎಪ್ಪತ್ತು.
ತೊಂಬತ್ತಕ್ಕೆ ಎದ್ದೆ, ಮೊಣಕಾಲಿನಿಂದ.

ಸೋಮವಾರ ಪುಸ್ತಕ ವಾಪಸು ಕೊಡಬೇಕು.
ಮೀನಿನ ವಾಸನೆ ಹತ್ತಿದೆ, ಪಿಯೆದಾದ್ ಬಾಯಿ ಬೈದಾಳು.
ಅಂಚಿನಲ್ಲಿ ನಾನೂ ಬರೆದಿದ್ದೇನೆ, ಮುಂದಿನವಳಿಗೆ:
ಇಳಿಸುವಾಗಲೂ ಹೀಗೇ.